ತವರಿಗೆ ಬಿಟ್ಟ ನೀರು

ದ್ಯಾವಮ್ಮನನ್ನು ನಾಲೆಗಾಗಿಯೇ ಮದುವೆ ಮಾಡಿಕೊಟ್ಟರು ಎಂದರೆ ತಪ್ಪಾಗದು. ಕರಿಘಟ್ಟದ ಕಡೆಗೆ ಹರಿಯುವ ಆ ಹಳೆಯ ನಾಲೆಯ ಮೇಲಿನೂರು ಅವಳ ಗಂಡನದು, ಕೆಳಗಿನೂರು ತವರು. ನೀರಿಗಾಗಿ ತೂಬಿನ ಬಳಿ ತಲೆ ಒಡೆದಾಡಿಕೊಂಡ ಎರಡು ಮನೆಯವರು ಕೊನೆಗೆ ಬೀಗರಾಗಿ ಒಂದು ಕಟ್ಟಳೆ ಮಾಡಿಕೊಂಡರು. ಬೇಸಿಗೆಯಲ್ಲಿ ಕೆಳಗಿನವರು ಮೇಲಿನ ಮನೆಗೆ ಬಂದು, ಮಜ್ಜಿಗೆ ಕುಡಿದು ನೀರು ಕೇಳಬೇಕು. ಮೇಲಿನವರು ಇಲ್ಲವೆನ್ನದೆ ತೂಬಿನ ಹಲಗೆ ಎತ್ತಬೇಕು.

ಮುಂದೆ ಯಾವುದೋ ಮದುವೆಯ ಊಟದಲ್ಲಿ ಅವಳ ಗಂಡನಿಗೂ ಅಣ್ಣ ಚಿಕ್ಕಸ್ವಾಮಿಗೂ ಮಾತಿಗೆ ಮಾತು ಬೆಳೆದು, ಬೇಸಿಗೆಯಲ್ಲಿ ನೀರು ಕೇಳಲು ಬರುವುದೊಂದು ಬಿಟ್ಟು ಹೋಗಿಬರುವುದೆಲ್ಲ ನಿಂತಿತು. ಜಗಳ ಯಾಕೆ ಎಂದರೆ ಹಪ್ಪಳದ ಹೆಸರು ಹೇಳುತ್ತಾರೆ, ಅಷ್ಟು ದೊಡ್ಡ ಗಂಡಸರು. ಗಂಡ ತೀರಿಕೊಂಡರೂ ಮುನಿಸು ತೀರಲಿಲ್ಲ. ಮಗ ಕುಮಾರ್ ಅದನ್ನು ಗದ್ದೆಯ ಜೊತೆ ಪಾಲಿಗೆ ಪಡೆದವನಂತೆ ಜೋಪಾನ ಮಾಡಿದ.

ಈ ಸಲವೂ ಚಿಕ್ಕಸ್ವಾಮಿ ಹಳೇ ಟಿವಿಎಸ್ಸಿನಲ್ಲಿ ಬಂದು ಜಗುಲಿಯಲ್ಲಿ ಕೂತು ನೀರು ಕೇಳಿದ. ನಾಳೆ ಬಿಡಿಸುತ್ತೇನೆ ಎಂದು ದ್ಯಾವಮ್ಮ ಮಾತು ಕೊಟ್ಟಳು.

ಅವನು ಹೋದ ಮೇಲೆ ಕುಮಾರ್ ಅಂದ: "ಅಲಗೆ ಎತ್ತಾಕಿಲ್ಲ ಕಣವ್ವ. ನಾಟಿಗ್ ಬುಟ್ಟಿರೋ ನಮ್ ಒಟ್ಲು ಪೈರೇ ಒಣಗ್ತಾ ಅದೆ."

ಮರುದಿನ ದ್ಯಾವಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮುದ್ದೆಗಿಟ್ಟ ಎಸರು ಉಕ್ಕಿ ಒಲೆ ಆರಿತು. ಹಸುವಿಗೆ ಹುಲ್ಲು ಹಾಕಿದ್ದು ಮರೆತು ಮತ್ತೆ ಹಾಕಿದಳು. ಅಣ್ಣನ ಪೈರು ಸುಟ್ಟುಹೋಗುತ್ತಿರುವುದೇ ಕಣ್ಣೆದುರು. ತಾನು ಬದುಕಿರುವಾಗಲೇ ತವರಿಗೆ ನೀರು ತಪ್ಪುವುದಾದರೆ ತನ್ನನ್ನು ಈ ಮನೆಗೆ ಕೊಟ್ಟದ್ದಾದರೂ ಯಾಕೆ? ಸೆರಗು ಸೊಂಟಕ್ಕೆ ಸಿಕ್ಕಿಸಿ ತೂಬಿಗೆ ಹೋದಳು. ಮಗ ಓಡಿ ಬಂದ.

"ಎತ್ತಿದ್ರೆ ಮತ್ತೆ ಮನೆಗೆ ಬರಬ್ಯಾಡ."

"ಬರಾಕಿಲ್ಲ ಬುಡ್ಲಾ," ಎಂದು ಹಲಗೆ ಕಿತ್ತು ದಡಕ್ಕೆ ಎಸೆದಳು.

ನೀರಿನ ಜೊತೆಯೇ ಏರಿಯ ಮೇಲೆ ನಡೆದಳು. ಕಸ ಕಟ್ಟಿಕೊಂಡಲ್ಲಿ ಇಳಿದು ಕಾಲಿನಿಂದ ಬಿಡಿಸಿದಳು. ಎಷ್ಟೋ ವರ್ಷದ ಮೇಲೆ ಕಂಡ ತವರಿನ ಗದ್ದೆ ಹಚ್ಚಗಿತ್ತು. ಬದುವಿನ ಪಕ್ಕದಲ್ಲಿ ಹೊಸ ಬೋರು ಧಾರಾಳವಾಗಿ ನೀರು ಸುರಿಸುತ್ತಿತ್ತು. ಚಿಕ್ಕಸ್ವಾಮಿ ಗುದ್ದಲಿ ಹಿಡಿದು ಅದನ್ನು ಗದ್ದೆಗೆ ತಿರುಗಿಸುತ್ತಿದ್ದ.

"ಇದ್ಯಾವಾಗ ಕೊರೆಸ್ದೆ ಅಣ್ಣ?"

"ಓದ್ ವರ್ಸ."

ಅವಳ ಮೈಯೆಲ್ಲ ಉರಿಯಿತು. "ಮತ್ಯಾಕ್ ಬಂದು ನೀರು ಕೇಳ್ದೆ? ಮಗನ್ ಕೂಡೆ ಕಿತ್ತಾಡ್ಕೊಂಡು ಬಂದಿವ್ನಿ."

ಚಿಕ್ಕಸ್ವಾಮಿ ಗುದ್ದಲಿ ಕೆಳಗಿಟ್ಟ. "ನೀರು ಬ್ಯಾಡ ಅಂದ್ಬುಟ್ರೆ ನಿನ್ ಮನೆ ಬಾಗ್ಲಿಗೆ ಇನ್ಯಾವ್ ನೆಪದಲ್ಲಿ ಬರ್ಲವ್ವ?"

ದ್ಯಾವಮ್ಮ ನಾಲೆಯ ಕಡೆ ತಿರುಗಿದಳು. ನಾಲೆಯ ನೀರು ಯಾರಿಗೂ ಬೇಡವಾಗಿ ಮುಂದೆ ಹರಿದುಹೋಗುತ್ತಿತ್ತು. ಮೇಲೆ ಮಗನ ಪೈರು ಒಣಗುತ್ತಿತ್ತು. ಹಲಗೆ ಹಾಕಲು ಅವಳು ಬಂದ ದಾರಿಯಲ್ಲೇ ಓಡಿದಳು. ಕೇಳುವುದೇನೂ ಇಲ್ಲದಿದ್ದರೂ ಚಿಕ್ಕಸ್ವಾಮಿ ಅವಳ ಹಿಂದೆಯೇ ಹೊರಟ.