ಹುಳಕ್ಕೆ ನೈಲಾನ್ ಬಲೆ, ಮೇಲ್‌ಗೆ ಮನೆದೇವರು

ಕಳೆದ ಭಾನುವಾರ ನನ್ನ ಸ್ವಂತ ಅಕ್ಕ ನನ್ನನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿದಳು.

"ಅಲ್ಲೇ ನಿಂತ್ಕೊ! ಬಸ್ಸಲ್ಲಿ ಬಂದಿದ್ದೀಯ. ಚಪ್ಪಲಿ ಬಿಡು, ಕಾಲು ತೊಳ್ಕೊ, ಸುಣ್ಣದ ಪುಡಿ ತುಳ್ಕೊಂಡು ಬಾ. ಹುಳದ ಕೋಣೆ ಕಡೆ ಮಾತ್ರ ತಲೆ ಹಾಕ್ಬೇಡ."

ಶಿಡ್ಲಘಟ್ಟದ ಸುತ್ತಮುತ್ತ ನೆಂಟರಿರುವವರಿಗೆ ಇದು ಹೊಸದಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿದೆ ಎಂದರೆ (ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ) ಮಂತ್ರಿ ಬಂದರೂ ಜಗಲಿಯಲ್ಲೇ ಕಾಫಿ. ರೋಗ ತಗಲಬಾರದು, ದೃಷ್ಟಿ ಬೀಳಬಾರದು, ಊಜಿ ನೊಣ ನುಗ್ಗಬಾರದು. ಆ ನೊಣ ಹುಳದ ಮೈಮೇಲೆ ಮೊಟ್ಟೆ ಇಟ್ಟು ಹೋದರೆ ಹುಳದ ಕಥೆ ಮುಗಿದಂತೆ. ಅದಕ್ಕೇ ಭಾವ ಕಿಟಕಿಗಳಿಗೆಲ್ಲ ನೈಲಾನ್ ಬಲೆ ಹೊಡೆಸಿದ್ದಾರೆ. ಸೆಕ್ಯುರಿಟಿ ಅಂದರೆ ಇದು!

ಇಷ್ಟು ಎಚ್ಚರದ ಮನೆಯವರು ಮರುದಿನ ಏನು ಮಾಡಿದರು ಗೊತ್ತೇ?

ಅಕ್ಕನ ಮಗಳು ಸುನಂದಾ ಎಂಎಸ್ಸಿ ಮುಗಿಸಿದ್ದಾಳೆ. ಮೈಸೂರಿನ ಒಂದು ಲ್ಯಾಬಿನ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಉತ್ತರ ಇ-ಮೇಲ್‌ನಲ್ಲೇ ಬರುತ್ತದಂತೆ. ಹಾಗಾಗಿ ಸೋಮವಾರ ಅವಳು, ಭಾವ, ನಾನು ಚಿಕ್ಕಬಳ್ಳಾಪುರದ ಇಂಟರ್ನೆಟ್ ಸೆಂಟರಿಗೆ ಹೋದೆವು. ಅಲ್ಲೂ ಚಪ್ಪಲಿ ಹೊರಗೇ. (ಕಂಪ್ಯೂಟರಿಗೆ ಧೂಳು ತಗಲಬಾರದಲ್ಲ!) ಒಳಗೆ ಬೆಂಚಿನ ತುಂಬ ಜನ.

"ಪಾಸ್‌ವರ್ಡ್ ಏನಮ್ಮಾ?" ಓನರ್ ಕೂಗಿದ. ಅಲ್ಲಿ ಎಲ್ಲರಿಗೂ ಟೈಪ್ ಮಾಡಿಕೊಡುವವನು ಅವನೇ.

ಸುನಂದಾ ಬಾಯಿ ತೆರೆಯುವ ಮೊದಲೇ ಭಾವ ಕೂಗಿ ಹೇಳಿದರು, "ನಮ್ಮನೆ ದೇವ್ರ ಹೆಸರು ಕಣಪ್ಪ. ಅದನ್ನಿಟ್ರೆ ಮರೆಯಲ್ಲ ಅಂತ ನೀನೇ ತಾನೆ ಹೇಳಿದ್ದು?"

ಮರೆಯುವುದಿಲ್ಲ, ನಿಜ. ಆದರೆ ನಮ್ಮ ಕಡೆ ಹೊಸಬರು ಸಿಕ್ಕರೆ ಮೊದಲು ಕೇಳುವುದು ಯಾವೂರು, ಆಮೇಲೆ ಮನೆದೇವರು ಯಾವುದು? ಊರಿಗೆಲ್ಲ ಗೊತ್ತಿರುವುದನ್ನೇ ಗುಟ್ಟು ಮಾಡಿ ಬೀಗ ಹಾಕುವವರು ನಾವೇ ಇರಬೇಕು. (ದೇವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಪಟ್ಟ ಪಾಡು ಸಾಕು.)

ಮೇಲ್ ತೆರೆಯಿತು. ಇಂಟರ್‌ವ್ಯೂಗೆ ಕರೆದಿದ್ದರು! ಸುನಂದಾ ಕುಣಿಯಬೇಕು, ಅಷ್ಟರಲ್ಲಿ ಅದಕ್ಕೆ ಹೋಗಿದ್ದ ಉತ್ತರವೂ ಕಣ್ಣಿಗೆ ಬಿತ್ತು. ಅವಳ ಹೆಸರಿನಲ್ಲೇ ಹೋಗಿತ್ತು. ಮದುವೆ ಗೊತ್ತಾಗಿದೆ, ಕೆಲಸ ಬೇಡ ಎಂದು.

"ಇದು ನಾನು ಬರ್ದಿಲ್ಲ ಮಾಮ!" ಅವಳ ಮುಖ ಬಿಳಿಚಿಕೊಂಡಿತ್ತು. ನನಗಂತೂ ರೇಗಿ ಹೋಯಿತು.

ಓನರ್ ಮಾತ್ರ ನಿರಾಳ. "ಶನಿವಾರ ನಿಮ್ ಚಿಕ್ಕಪ್ಪ ಬಂದಿದ್ರಲ್ಲಮ್ಮ. ನಮ್ಮಣ್ಣನ ಮಗಳ್ದು ಸ್ವಲ್ಪ ನೋಡಪ್ಪ ಅಂದ್ರು. ಮನೆದೇವ್ರ ಹೆಸ್ರೂ ಕರೆಕ್ಟಾಗಿ ಹೇಳಿದ್ರು. ನಾನೇ ಟೈಪ್ ಮಾಡ್ಕೊಟ್ಟೆ."

ಅಣ್ಣತಮ್ಮಂದಿರಿಗೆ ಮನೆದೇವರು ಒಂದೇ ತಾನೆ?

ಸುನಂದಾ ಅಳುತ್ತ ಕೂರಲಿಲ್ಲ. ಎದುರಿನ ಎಸ್‌ಟಿಡಿ ಬೂತಿಗೆ ನುಗ್ಗಿ ಮೈಸೂರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಆ ಕಡೆಯವರು ನಕ್ಕು, ಮದುವೆ ಯಾವಾಗಲಾದರೂ ಆಗು, ಇಂಟರ್‌ವ್ಯೂಗೆ ಮೊದಲು ಬಾ ಎಂದರಂತೆ. ವಾಪಸ್ ಬಂದವಳೇ ಓನರನ್ನು ಕುರ್ಚಿಯಿಂದ ಎಬ್ಬಿಸಿ, ತಾನೇ ಕುಳಿತು ಪಾಸ್‌ವರ್ಡ್ ಬದಲಾಯಿಸಿದಳು.

"ಹೊಸದು ಏನಿಟ್ಟೆಯಮ್ಮ?" ಎಂದರು ಭಾವ.

"ಅಪ್ಪಾ, ಹುಳದ ಕೋಣೆಗೆ ಯಾರನ್ನಾದ್ರೂ ಬಿಡ್ತೀಯಾ? ಇದೂ ಹಂಗೇ."

ಸಂಜೆ ಚಿಕ್ಕಪ್ಪ ಬಂದರು. ಕೆಟ್ಟವರೇನಲ್ಲ. ಸುನಂದಾಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು ಬರುತ್ತಿದ್ದವರು ಅವರೇ.

"ಹೌದು, ನಾನೇ ಬರೆಸ್ದೆ. ಏಮಮ್ಮಾ, ಒಂಟಿ ಹುಡುಗಿ, ಗೊತ್ತಿಲ್ಲದ ಊರು. ಏನಾದ್ರೂ ಆದ್ರೆ? ನಿನ್ನ ಸೇಫ್ಟಿಗೇ ಮಾಡಿದ್ದು ಕಣಮ್ಮ. ಇಲ್ಲೇ ಇದ್ರೆ ನಾವೆಲ್ಲ ಜೋಪಾನವಾಗಿ ನೋಡ್ಕೊಳಲ್ವಾ?"

ಅಪಾಯವೇ ಇಲ್ಲದ ಊರು ಯಾವುದಿದೆ ಸ್ವಾಮಿ? ಬಲೆ ಹೊಡೆಯುವುದು ನೊಣ ಒಳಗೆ ಬರದಿರಲಿ ಎಂದು. ಮಗಳು ಹೊರಗೆ ಹೋಗದಿರಲಿ ಎಂದಲ್ಲ. ಇದನ್ನೇ ಹೇಳಬೇಕೆಂದು ನಾನು ಗಂಟಲು ಸರಿಮಾಡಿಕೊಂಡೆ. (ಅಂಕಣಕಾರರ ಚಟ!) ಅಷ್ಟರಲ್ಲಿ ಸುನಂದಾ ಹುಳದ ಕೋಣೆಯತ್ತ ಕೈ ತೋರಿಸಿದಳು.

"ಇವನ್ನೂ ಜೋಪಾನವಾಗೇ ನೋಡ್ಕೊತೀವಲ್ಲ ಚಿಕ್ಕಪ್ಪ, ಗೂಡು ಕಟ್ಟಿದ ಮೇಲೆ ಎಲ್ಲಿಗೆ ಕಳಿಸ್ತೀವಿ, ಕುದಿಯೋ ನೀರಿಗೆ ತಾನೆ?"