ಜೀಪಿನಲ್ಲಿ ಸಾಸಿವೆ ಡಬ್ಬಿ

ದಾವಣಗೆರೆಯ ನಮ್ಮ ಓಣಿಯಲ್ಲಿ ಎದುರು ಮನೆಯವರು ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಮಾತಾಡುವಾಗಲೂ ಜೇಬಿನ ಅಳತೆ ಟೇಪನ್ನು ಎಳೆಯುವುದು, ಬಿಡುವುದು ನಡೆದೇ ಇರುತ್ತಿತ್ತು. ಗುಡ್ಡ ಹತ್ತಿಸಬೇಕೆಂದು ಅವರೊಂದು ಹಳೆಯ ಜೀಪು ಕೊಂಡರು. ಸಾಮಾನಿಡಲು ಅದರ ಹಿಂಭಾಗಕ್ಕೆ ಡ್ರಾಯರುಗಳು ಬೇಕಾದವು. ಸಿದ್ಧವಾದವೇ ಸಿಗುತ್ತವಲ್ಲ ಎಂದೆ.

“ರೆಡಿಮೇಡು ಅಳತಿಗೆ ಬರಲ್ಲ ಬಿಡ್ರಿ,” ಎಂದರು.

ಎಂಟು ತಿಂಗಳು ಕೂತು ಪ್ಲೈವುಡ್ಡಿನಲ್ಲಿ ತಾವೇ ಮಾಡಿದರು. ಒಂದು ಬೆರಳಿನಲ್ಲಿ ಎಳೆದರೆ ಸದ್ದಿಲ್ಲದೆ ಬರುತ್ತಿದ್ದವು. ಭಾರ ಹಾಕಿ ನೋಡಲೆಂದು ಹೆಂಡತಿಯಿಂದ ಬೇಳೆ, ಸಾಸಿವೆ, ಮಂಡಕ್ಕಿಯ ಡಬ್ಬಿಗಳನ್ನು ಇಸಿದುಕೊಂಡು ಜೋಡಿಸಿದರು. ಡಬ್ಬಿಗಳು ಮತ್ತೆ ಅಡುಗೆಮನೆಗೆ ಹೋಗಲೇ ಇಲ್ಲ. ಗೂಡಿನಲ್ಲಿ ತಡಕಾಡುವುದಕ್ಕಿಂತ ಇದು ಸಲೀಸೆಂದು ಆಕೆ ಒಗ್ಗರಣೆಗೂ ಅಂಗಳದಲ್ಲಿ ನಿಂತ ಜೀಪಿಗೇ ಬರತೊಡಗಿದರು. ಅಡುಗೆಮನೆಗೆ ಮಂಡಿಪೇಟೆಯಿಂದ ಒಂದು ಕಪಾಟು ತರೋಣವೆಂದೆ. ಅವರು ಟೇಪು ಎಳೆದು, ಬಿಟ್ಟು, ಅದೇ ಮಾತು ಹೇಳಿದರು.

ಕೊನೆಗೊಂದು ಭಾನುವಾರ ಬಾತಿ ಗುಡ್ಡಕ್ಕೆ ಹೊರಟೆವು. ಅವರು ಜೀಪಿನ ಕೀಲಿ ತಿರುಗಿಸುವಷ್ಟರಲ್ಲಿ ಹೆಂಡತಿ ಸೌಟು ಹಿಡಿದೇ ಹೊರಬಂದರು.

“ಎಣ್ಣಿ ಕಾದೈತೆ. ಜೀಪು ಒಯ್ಯಬ್ಯಾಡ್ರಿ.”

ಅವರು ಇಳಿದು ನನ್ನ ಸ್ಕೂಟರಿನ ಹಿಂದೆ ಕೂತರು. ಗುಡ್ಡದ ಬುಡದಲ್ಲಿ ಮೊಣಕಾಲೂರಿ, ಎರಡು ಬಂಡೆಗಳ ನಡುವಿನ ದಾರಿಗೆ ಅಡ್ಡಲಾಗಿ ಟೇಪು ಹಿಡಿದು ಬಹಳ ಹೊತ್ತು ನೋಡಿದರು.

“ನಮ್ಮ ಜೀಪು ಇಲ್ಲಿ ಅಳತಿಗೆ ಬರತೈತ್ರಿ,” ಎಂದರು.