ಚೀಲದೊಳಗಿನ ಬಲಗೈ

ಕಳೆದ ಭಾನುವಾರ ಮಧ್ಯಾಹ್ನ ಪುಣೆಯ ಕೋಥರೂಡದ ನಾಟ್ಯಗೃಹದ ಬಾಲ್ಕನಿಯಲ್ಲಿ ಕೂತಿದ್ದೆ. ನಾಟಕ ಶುರುವಾಗುವ ಮೂರನೇ ಗಂಟೆ ಬಾರಿಸಿತು, ದೀಪಗಳು ಆರಿದವು. ಪರದೆ ಏಳುವ ಮೊದಲಿನ ಆ ಸ್ವಲ್ಪ ಹೊತ್ತಿನ ಕತ್ತಲೆಯಲ್ಲಿ ಹಿಂದಿನ ಸಾಲಿನಿಂದ ಲವಂಗದ ವಾಸನೆ ಬಂತು. ಡಬ್ಬಿಯೊಳಗಿನ ಒಣ ಲವಂಗದ್ದಲ್ಲ, ಯಾರೋ ಆಗಷ್ಟೇ ಹಲ್ಲಲ್ಲಿ ಕಚ್ಚಿದ ಲವಂಗದ್ದು...

ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ. ದೀಪ ಆರಿದ ಮೇಲೆ ಹಿಂದೆ ತಿರುಗಬಾರದೆಂದು ನನಗೆ ಕಲಿಸಿದವರು ಒಬ್ಬರಿದ್ದರು. ತಿರುಗಿದರೆ ಏನಾಗುತ್ತದೆ ಎಂದು ನಕ್ಕವರೂ ಒಬ್ಬರಿದ್ದರು. ಇಬ್ಬರೂ ಗಂಡ ಹೆಂಡತಿ, ನಮ್ಮ ಪಕ್ಕದ ಮನೆಯವರು. ನಾನು ಅವರನ್ನು ಕಾಕಾ, ಕಾಕು ಎನ್ನುತ್ತಿದ್ದೆ. ಈ ಬರಹ ಕಾಕುವಿನ ಬಗ್ಗೆ. ಆದರೆ ಕಾಕಾರನ್ನು ಬಿಟ್ಟು ಅವರ ಬಗ್ಗೆ ಬರೆಯುವುದು ಸಾಧ್ಯವಿಲ್ಲ.

ಕಾಕಾ ಬ್ಯಾಂಕಿನಿಂದ ನಿವೃತ್ತರಾಗಿದ್ದರು. ಪುಣೆಯ ನಮ್ಮ ಕನ್ನಡದವರ ಸಂಘ ವರ್ಷಕ್ಕೆ ಕೆಲವು ಸಲ ಧಾರವಾಡದ ಕಡೆಯಿಂದ ನಾಟಕ ತರಿಸುತ್ತಿತ್ತು. ಪ್ರತಿ ಸಲವೂ ಪರದೆ ಏಳುವ ಮುಂಚೆ ಕಾಕಾ ವೇದಿಕೆ ಹತ್ತಿ ಪ್ರೇಕ್ಷಕರಿಗೆ ಬುದ್ಧಿ ಹೇಳುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಮೇಲಿನ ಜೇಬಿನಲ್ಲಿ ಮೊಬೈಲು.

“ನಾಟಕ ನೋಡೂದಕ್ಕೂ ಒಂದು ರೀತಿ ಅದ. ಚುರುಮುರಿ ಹೊರಗ. ಮಾತು ಹೊರಗ. ಅಳೂ ಕೂಸು ಹೊರಗ.”

ಹಿಂದಿನಿಂದ ಯಾರಾದರೂ “ಹಂಗಾರ ನಾವೂ ಹೊರಗ ಹೋಗೂಣೇನ್ರಿ?” ಎಂದು ಕೂಗುತ್ತಿದ್ದರು. ಜನ ನಗುತ್ತಿದ್ದರು. ಕಾಕಾ ಆ ನಗು ಮುಗಿಯುವವರೆಗೆ ಕಾದು, ಮೊಬೈಲನ್ನು ಎತ್ತಿ ಹಿಡಿಯುತ್ತಿದ್ದರು. “ಸೈಲೆಂಟ್ ಅಲ್ರಿ, ಬಂದ್ ಮಾಡ್ರಿ. ನೋಡ್ರಿ, ನಿಮ್ಮ ಮುಂದನ ಮಾಡ್ಲಿಕತ್ತೀನಿ.” ಗುಂಡಿ ಒತ್ತುತ್ತಿದ್ದರು. ಮೊಬೈಲಿನ ಪರದೆ ಕಪ್ಪಾಗುತ್ತಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಇಳಿದು ಬಂದು ನಮ್ಮ ಸಾಲಿನ ತುದಿಯಲ್ಲಿ ಕೂರುತ್ತಿದ್ದರು. ಅವರ ಪಕ್ಕ ಕಾಕು, ಕಾಕುವಿನ ಪಕ್ಕ ನಾನು.

ಒಮ್ಮೆ ಮಧ್ಯಂತರದಲ್ಲಿ ಅವರು ಗಂಟೆ ಎಷ್ಟಾಯಿತೆಂದು ನೋಡಲು ಮೊಬೈಲ್ ತೆಗೆದರು. ಅದು ಮುಟ್ಟಿದ ಕೂಡಲೇ ಬೆಳಗಿತು. ಪೂರ್ತಿ ಬಂದ್ ಮಾಡಿದ ಫೋನು ಹಾಗೆ ಬೆಳಗುವುದಿಲ್ಲ. ಎಚ್ಚರಾಗಲು ಹೊತ್ತು ಬೇಕು, ಒಂದು ರಾಗ ಹಾಡಬೇಕು. ನಾನು ಕಾಕುವಿನ ಕಡೆ ನೋಡಿದೆ. ಕಾಕು ನನ್ನನ್ನೇ ನೋಡುತ್ತಿದ್ದರು. ಅಂದರೆ ಅವರಿಗೆ ಮೊದಲಿಂದ ಗೊತ್ತಿತ್ತು. ಕಾಕಾ ಕಪ್ಪು ಮಾಡುತ್ತಿದ್ದರು, ಬಂದ್ ಮಾಡುತ್ತಿರಲಿಲ್ಲ. ಆದರೂ ನಾಟಕದ ನಡುವೆ ಅದು ಎಂದೂ ಸದ್ದು ಮಾಡಿರಲಿಲ್ಲ. ಅವರಿಗೆ ಫೋನ್ ಮಾಡುವವರೆಲ್ಲ ಆ ಸಭಾಂಗಣದಲ್ಲೇ ಕೂತಿರುತ್ತಿದ್ದರು.

ಕಾಕು ಬೇರೆ ಥರದ ಪ್ರೇಕ್ಷಕರು. ಗದಗಿನ ಕಡೆ ಹುಟ್ಟಿ, ಕಂಪನಿ ನಾಟಕಗಳ ತಗಡಿನ ಥಿಯೇಟರಿನಲ್ಲಿ ತಂದೆಯ ತೊಡೆಯ ಮೇಲೆ ಕೂತು ನೋಡಿ ಬೆಳೆದವರು. ಅಲ್ಲಿ ಹಾಡು ಚೆನ್ನಾಗಿದ್ದರೆ ಜನ ಅದನ್ನು ಮತ್ತೆ ಹಾಡಿಸುತ್ತಿದ್ದರಂತೆ. ಖಳನಾಯಕನನ್ನು ಎದ್ದು ನಿಂತು ಬೈಯುತ್ತಿದ್ದರಂತೆ. ಕಾಕುವಿಗೆ ನಗು ಬಂದರೆ ಪೂರ್ತಿ ಬರುತ್ತಿತ್ತು. ಆಗ ಕಾಕಾರ ಮೊಣಕೈ ಅವರ ಪಕ್ಕೆಗೆ ತಾಗುತ್ತಿತ್ತು. ಜೋರಾಗಿ ಅಲ್ಲ. ನಾನು ಬದಿಯಲ್ಲೇ ಇರುತ್ತಿದ್ದುದರಿಂದ ಆ ನಗು ನಡುವೆಯೇ ತುಂಡಾಗುವುದು ನನಗೆ ಕೇಳಿಸುತ್ತಿತ್ತು. ಕೆಮ್ಮು ಬಂದರೂ ಅದೇ ಮೊಣಕೈ. ಅದಕ್ಕೇ ಕಾಕು ತಮ್ಮ ಖಣದ ಬಟ್ಟೆಯ ಚೀಲದಲ್ಲಿ ಲವಂಗ ಇಟ್ಟುಕೊಳ್ಳುತ್ತಿದ್ದರು. ಗಂಟಲು ಕೆರೆದಾಗ ಚೀಲಕ್ಕೆ ಕೈ ಹಾಕಿ ಒಂದನ್ನು ಬಾಯಿಗಿಡುತ್ತಿದ್ದರು. ನನಗೂ ಒಂದು ಕೊಡುತ್ತಿದ್ದರು.

ಅದೇ ಚೀಲದಲ್ಲಿ ಅವರ ಗುಂಡಿಯ ಫೋನೂ ಇರುತ್ತಿತ್ತು. “ನಿನಗ್ಯಾಕ ದೊಡ್ಡ ಫೋನು” ಎಂದು ಕಾಕಾ ಕೊಡಿಸಿದ್ದು. ಗದ್ದಲದಲ್ಲಿ ತಪ್ಪಿಸಿಕೊಂಡರೆ ಇರಲಿ ಎಂದು ಅವರೇ ಅದರಲ್ಲಿ ಒಂದು ಅನುಕೂಲ ಮಾಡಿಟ್ಟಿದ್ದರು. ಎರಡರ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ನೇರ ಕಾಕಾರಿಗೆ ಹೋಗುತ್ತಿತ್ತು. ಕಣ್ಣು ಮುಚ್ಚಿಕೊಂಡೂ ಮಾಡಬಹುದು ಎಂದು ಕಾಕು ಒಮ್ಮೆ ನಮ್ಮ ಅಡುಗೆಮನೆಯಲ್ಲಿ ಮಾಡಿ ತೋರಿಸಿದ್ದರು. ಗೋಡೆಯಾಚೆ ಕಾಕಾರ ಫೋನು ಸದ್ದು ಮಾಡಿತ್ತು. ದೇವಸ್ಥಾನದ ಗಂಟೆ, ಹಿಂದೆಯೇ ಶಂಖ. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ದಿನಾ ಬೆಳಿಗ್ಗೆ ಗೋಡೆ ದಾಟಿ ಬರುತ್ತಿತ್ತು.

ಒಂದು ಸಲ ಸಂಘ ತರಿಸಿದ ನಾಟಕದಲ್ಲಿ ಒಬ್ಬ ತಾಯಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತ ಕೂತಿರುತ್ತಾಳೆ. ಮಗ ಸತ್ತ ಸುದ್ದಿ ತಂದವನು ಬಾಗಿಲಲ್ಲಿ ನಿಂತಿದ್ದಾನೆ. ಅವನಿಗೆ ಹೇಳಲು ಬಾಯಿ ಬರುತ್ತಿಲ್ಲ. ಮೊರದಲ್ಲಿ ಅಕ್ಕಿ ಆಡುವ ಸದ್ದು ಬಿಟ್ಟರೆ ಇಡೀ ಸಭಾಂಗಣದಲ್ಲಿ ಏನೂ ಇರಲಿಲ್ಲ.

ಆಗ ಗಂಟೆ ಬಾರಿಸಿತು. ನಂತರ ಶಂಖ.

ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಕಾಕಾರ ಬಿಳಿ ಜೇಬಿನೊಳಗೆ ಬೆಳಕಿತ್ತು. ಬಟ್ಟೆಯ ಮೂಲಕ ನೀಲಿಯಾಗಿ ಕಾಣುತ್ತಿತ್ತು. ಅವರ ಅಂಗೈ ಅದರ ಮೇಲೆ ಬಂದು ಒತ್ತಿಕೊಂಡಿತು, ಸದ್ದು ನಿಂತಿತು. ಕಾಕುವಿನ ಎಡಗೈ ತೊಡೆಯ ಮೇಲಿತ್ತು. ಬಲಗೈ ಚೀಲದೊಳಗಿತ್ತು.

ನಟಿ ಮೊರ ಕೆಳಗಿಟ್ಟಳು. ನಮ್ಮ ಕಡೆ ತಿರುಗಿದಳು.

“ಎತ್ರಿ, ಮಾತಾಡ್ರಿ. ನನ್ನ ಮಗ ಸತ್ತ ಸುದ್ದಿ ಆಮ್ಯಾಲೆ ಕೇಳಿದ್ರೂ ನಡೀತದ.”

ಅವಳು ಮತ್ತೆ ಹೇಳಿದಳು, ಈ ಸಲ ಸಿಟ್ಟಿಲ್ಲದೆ. “ಯಾರದು ಅಂತ ಒಬ್ರು ಎದ್ದು ನಿಂತು ಹೇಳ್ರಿ, ಸಾಕು. ನಾ ಮತ್ತ ಸುರು ಮಾಡ್ತೀನಿ. ಇಲ್ಲಾಂದ್ರ ನನಗ ಆಗೂದಿಲ್ಲ.”

ಜನ ಕತ್ತು ತಿರುಗಿಸಿ ಹುಡುಕತೊಡಗಿದರು. ಕಾಕಾ ನೇರ ವೇದಿಕೆಯನ್ನೇ ನೋಡುತ್ತಿದ್ದರು, ಅಂಗೈ ಇನ್ನೂ ಎದೆಯ ಮೇಲೆ. ಕಾಕು ಮಾತ್ರ ವೇದಿಕೆಯನ್ನು ನೋಡುತ್ತಿರಲಿಲ್ಲ. ಗಂಡನ ಮುಖವನ್ನು ನೋಡುತ್ತಿದ್ದರು. ಎಷ್ಟು ಹೊತ್ತು ಎಂದು ಹೇಳಲಾರೆ. ಆದರೆ ಅದು ಗಾಬರಿಯ ನೋಟವಾಗಿರಲಿಲ್ಲ. ಅವರು ಕಾಯುತ್ತಿದ್ದರು.

ಆಮೇಲೆ ಕಾಕು ಎದ್ದು ನಿಂತರು.

“ನಂದ ರೀ... ತಪ್ಪಾತು.”

ಕಾಕಾ ಆಗ ಬಾಯಿ ತೆರೆದರು. ಹಿಂದಿನ ಸಾಲುಗಳಿಗೆ ಕೇಳುವ ಹಾಗೆ ಹೇಳಿದರು. “ಎಷ್ಟು ಸಲ ಹೇಳೀನಿ ನಿನಗ!” ಹೇಳಿ, ಹೆಂಡತಿ ಹೊರಗೆ ಹೋಗಲೆಂದು ಮೊಣಕಾಲುಗಳನ್ನು ಬದಿಗೆ ಸರಿಸಿಕೊಂಡರು.

ನಾನೂ ಎದ್ದು ಹಿಂದೆ ಹೋದೆ. ಕಾಕು ಚಹಾದ ಅಂಗಡಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಅಳುತ್ತಿರಲಿಲ್ಲ. ಚೀಲದಿಂದ ಲವಂಗ ತೆಗೆದು ಒಂದನ್ನು ಬಾಯಿಗಿಟ್ಟುಕೊಂಡು ನನಗೊಂದು ಕೊಟ್ಟರು. ಬಟಾಟಾ ವಡಾ ಕರಿಯುವ ಎಣ್ಣೆಯ ವಾಸನೆಯ ನಡುವೆ ಲವಂಗದ ವಾಸನೆ ಎದ್ದಿತು.

“ಕಾಕು, ಅದು ಕಾಕಾರ ಫೋನು. ನಾ ನೋಡೀನಿ. ಒಳಗ ಹೋಗಿ ಹೇಳ್ತೀನಿ.”

“ಯಾರಿಗೆ ಹೇಳ್ತಿ? ನೀ ಒಳಗ ಹೋಗು ತಂಗಿ, ನಾಟಕ ನೋಡು. ಪಾಪ, ಆ ತಾಯಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.”

ನಾನು ಒಳಗೆ ಹೋಗಲಿಲ್ಲ. ಅವರ ಪಕ್ಕದಲ್ಲೇ ಕೂತೆ. ಆಗ ಒಂದು ವಿಷಯ ನನ್ನ ತಲೆಗೆ ಬಂತು. ಇಂದಿಗೂ ಅದು ಅಲ್ಲಿಂದ ಇಳಿದಿಲ್ಲ. ಒಳಗೆ ಕಾಕು ಎದ್ದು ನಿಂತು ಮಾತಾಡಿದಾಗ ನಾನು ಅವರ ಬದಿಯಲ್ಲೇ ಇದ್ದೆ. ಲವಂಗದ ವಾಸನೆ ಇರಲಿಲ್ಲ. ಅವರು ಕೆಮ್ಮಿರಲೂ ಇಲ್ಲ. ಹಾಗಾದರೆ ಅವರ ಬಲಗೈ ಚೀಲದೊಳಗೆ ಏನು ಮಾಡುತ್ತಿತ್ತು?

ಸಂದೇಹ ಅಂದರೆ ಇದು, ಸ್ಪಷ್ಟವಾಗಿ ಬರೆದುಬಿಡುತ್ತೇನೆ. ಕಾಕು ಎರಡರ ಗುಂಡಿಯನ್ನು ಒತ್ತಿ ಹಿಡಿದಿದ್ದರು. ಎಲ್ಲರಿಗೂ ಬುದ್ಧಿ ಹೇಳುವ ಗಂಡ ತನ್ನ ತಪ್ಪಿಗೆ ತಾನು ಎದ್ದು ನಿಲ್ಲುತ್ತಾನೋ ಇಲ್ಲವೋ ನೋಡಬೇಕೆಂದು. ಇದನ್ನು ನಂಬುವುದು ನನಗೆ ಕಷ್ಟವಾಗಿತ್ತು. ನಂಬದಿರುವುದೂ ಕಷ್ಟವಾಗಿತ್ತು. ಅಷ್ಟು ಚೆಂದದ ದೃಶ್ಯವನ್ನು, ಅಷ್ಟು ಪ್ರೀತಿಯಿಂದ ನಾಟಕ ನೋಡುವ ಹೆಂಗಸು ತಾನಾಗಿ ಕೆಡಿಸುತ್ತಾಳೆಯೇ?

ಮುಂದಿನ ನಾಟಕಕ್ಕೆ ಕಾಕಾ ಒಬ್ಬರೇ ಬಂದರು. ವೇದಿಕೆ ಹತ್ತಿ, “ನಮ್ಮ ಮನೀಯಿಂದನೂ ಒಂದು ಸಲ ತಪ್ಪಾಗೇದ, ಅದಕ್ಕ ಹೇಳ್ತೀನಿ” ಎಂದರು. ಜನ ಮೆಚ್ಚುಗೆಯಿಂದ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಕಾಕುವನ್ನು ಯಾಕೆ ಕರೆತರಲಿಲ್ಲ ಎಂದು ಕೇಳಿದೆ. “ಆಕಿಗೆ ರೂಢಿ ಇಲ್ಲ ಬಿಡು” ಎಂದರು. ನನ್ನ ಮುಖ ನೋಡಿ ಹೇಳಲಿಲ್ಲ. ಕಾಕುವಿಗೆ ಇದ್ದದ್ದು ನಾಟಕವೊಂದೇ. ಅದೂ ಹೋಯಿತಲ್ಲ ಎಂದು ನನಗೆ ಸಂಕಟವಾಯಿತು.

ಹೋಗಿರಲಿಲ್ಲ. ಕೆಲವು ತಿಂಗಳ ನಂತರ ಒಂದು ಭಾನುವಾರ ಮಧ್ಯಾಹ್ನ ಇದೇ ಬಾಲ್ಕನಿಯಲ್ಲಿ ಮರಾಠಿ ನಾಟಕ ನೋಡಲು ಬಂದಾಗ, ಪರಿಚಿತವಾದ ಒಂದು ನಗು ಕೇಳಿಸಿತು. ತುಂಡಾಗದ ನಗು. ಕಾಕು ಒಬ್ಬರೇ ಕೂತಿದ್ದರು, ಮಡಿಲಲ್ಲಿ ಖಣದ ಚೀಲ. ವೇದಿಕೆಯ ಮೇಲೆ ಒಬ್ಬ ಗಂಡ ಹೆಂಡತಿಗೆ ಸುಳ್ಳು ಹೇಳುತ್ತಿದ್ದ. “ಅಯ್ಯ ಇವನ, ಎಷ್ಟು ಸುಳ್ಳು ಹೇಳ್ತಾನ ನೋಡು!” ಎಂದು ಕಾಕು ಕನ್ನಡದಲ್ಲಿ ಜೋರಾಗಿಯೇ ಅಂದರು. ಮುಂದಿನ ಸಾಲಿನ ಅಜ್ಜರೊಬ್ಬರು ತಿರುಗಿ “ಆಜಿ, ಶಾಂತ್ ಬಸಾ” ಎಂದು ಮರಾಠಿಯಲ್ಲಿ ಸುಮ್ಮನಿರಲು ಗದರಿದರು. ಕಾಕು ಸುಮ್ಮನಾಗಿ ಅವರಿಗೊಂದು ಲವಂಗ ಚಾಚಿದರು. ಅವರು ತೆಗೆದುಕೊಂಡರು.

ನಿಜ ಹೇಳಬೇಕೆಂದರೆ, ಕಾಕುವಿನ ಹಿಂದೆ ಕೂತವರಿಗೆ ನಾಟಕ ಪೂರ್ತಿ ಕೇಳಿಸುತ್ತಿರಲಿಲ್ಲ. ನಾಟಕ ನೋಡುವುದಕ್ಕೆ ಕಾಕಾ ಹೇಳುತ್ತಿದ್ದ ರೀತಿಯಲ್ಲಿ ತಪ್ಪೇನೂ ಇರಲಿಲ್ಲ. ಅದನ್ನೂ ಬರೆಯಬೇಕು.

ಮಧ್ಯಂತರದಲ್ಲಿ ಅವರ ಪಕ್ಕದ ಖಾಲಿ ಕುರ್ಚಿಗೆ ಹೋದೆ.

“ಮನ್ಯಾಗ ಭಜನಿಗೆ ಹೋಗ್ತೀನಿ ಅಂತ ಹೇಳಿ ಬರ್ತೀನಿ. ನೀ ಎಲ್ಲ್ಯರ ಹೇಳಿಗೀಳೀಯ” ಎಂದು ಕಾಕು ನಕ್ಕರು.

“ಸ್ವಲ್ಪ ಮೆಲ್ಲಗ ನಗ್ರಿ ಕಾಕು, ಜನ ಬೈತಾರ.”

“ನಾವು ನಕ್ಕದ್ದು, ಅತ್ತದ್ದು ನಾಟಕದವರಿಗೆ ಕೇಳಿಸಬ್ಯಾಡೇನು? ಅವರೇನು ಗ್ವಾಡಿ ಮುಂದ ಆಡ್ತಾರೇನು?”

ಆಗ ಕೇಳಿಬಿಟ್ಟೆ. “ಅವತ್ತು ಚೀಲದಾಗ ಏನು ಹುಡುಕ್ಲಿಕತ್ತಿದ್ರಿ?”

“ಲವಂಗ.”

“ಬಾಯಾಗ ಹಾಕ್ಕೊಂಡಿರಲಿಲ್ಲಲ್ಲ.”

ಕಾಕು ನನ್ನ ಕಡೆ ತಿರುಗಿದರು. “ನೀ ಅವತ್ತು ನಾಟಕ ನೋಡ್ಲಿಕ್ಕೆ ಬಂದಿದ್ಯೋ, ನನ್ನ ನೋಡ್ಲಿಕ್ಕೆ ಬಂದಿದ್ಯೋ?”

ಗಂಟೆ ಬಾರಿಸಿತು. ದೀಪ ಆರಿತು. ಉತ್ತರ ಸಿಗುವುದಿಲ್ಲ ಎಂದುಕೊಂಡೆ. ಕತ್ತಲೆಯಲ್ಲಿ ಅವರ ದನಿ ಬಂತು, ಈ ಸಲ ನಿಜಕ್ಕೂ ಮೆಲ್ಲಗೆ.

“ಅವರು ಎದ್ದು ನಿಂತಿದ್ರ ತಂಗಿ, ನಾ ಸಾಯೂತನಕ ಬಾಯಿ ಮುಚ್ಚಿಕೊಂಡು ಅವರ ಬಾಜೂಕ ಕೂತು ನಾಟಕ ನೋಡ್ತಿದ್ದೆ...”

ಆ ದಿನ ಮನೆಗೆ ನಡೆದು ಬರುವಾಗ ನನಗೆ ಇನ್ನೊಂದು ಹೊಳೆಯಿತು. ಕಾಕು ಆ ಗುಂಡಿ ಒತ್ತಿದ್ದು ನಿಜವಾದರೆ, ಕಾಕಾರ ಫೋನಿನಲ್ಲಿ ಅವರ ಹೆಸರು ಬಂದಿರಬೇಕು. ಯಾರು ಮಾಡಿದ್ದೆಂದು ಕಾಕಾ ಆ ದಿನವೇ ನೋಡಿರಬೇಕು. ನೋಡಿಯೂ ಮನೆಯಲ್ಲಿ ಏನೂ ಕೇಳಿಲ್ಲ. ಗೋಡೆಯಾಚೆ ನನಗೆ ಒಂದು ಜಗಳವೂ ಕೇಳಿಸಿರಲಿಲ್ಲ. ಹೆಂಡತಿಯನ್ನು ಅವರು ನಾಟಕಕ್ಕೆ ಕರೆತರದೆ ಇದ್ದದ್ದು ಶಿಕ್ಷೆಯೆಂದು ನಾನು ತಿಳಿದಿದ್ದೆ. ಅದು ಶಿಕ್ಷೆಯಲ್ಲವೇನೋ. ಪಕ್ಕದಲ್ಲಿ ಕೂರಿಸಿಕೊಳ್ಳಲು ಅವರಿಗೆ ಹೆದರಿಕೆಯಾಗಿತ್ತು.

ಅಂದಿನಿಂದ ಅವರ ಮನೆಯ ಮೌನವನ್ನು ನಾನು ಬೇರೆ ರೀತಿಯಲ್ಲಿ ಕೇಳತೊಡಗಿದೆ. ಇಬ್ಬರಿಗೂ ಗೊತ್ತು. ಇಬ್ಬರೂ ಹೇಳುವುದಿಲ್ಲ. ಬೆಳಿಗ್ಗೆ ಚಹಾ ಆಗುತ್ತದೆ, ಪೇಪರು ಬರುತ್ತದೆ, ಕಾಕು ಭಜನೆಗೆ ಹೋಗುತ್ತಾರೆ. ಅದು ಭಜನೆಯಲ್ಲ ಎಂಬುದೂ ಕಾಕಾರಿಗೆ ಗೊತ್ತಿತ್ತೇ? ಈಗ ನನಗೆ ಅದರ ಮೇಲೂ ಸಂದೇಹ.

ಎರಡು ವರ್ಷದ ಹಿಂದೆ ಕಾಕು ತೀರಿಕೊಂಡರು. ಜ್ವರವೆಂದು ಆಸ್ಪತ್ರೆಗೆ ಹೋದವರು ಮರಳಿ ಬರಲಿಲ್ಲ. ಕಾಕಾ ವೇದಿಕೆ ಹತ್ತುವುದನ್ನು ಬಿಟ್ಟರು. ಈಗ ಆ ಸೂಚನೆಯನ್ನು ಧ್ವನಿಮುದ್ರಿಸಿ ಹಾಕುತ್ತಾರೆ, ಯಾರೂ ಕೇಳುವುದಿಲ್ಲ. ನಾನಂತೂ ಯಾವ ನಾಟಕಕ್ಕೆ ಹೋದರೂ ಮೊದಲು ಅಕ್ಕಪಕ್ಕದವರ ಕೈ ಎಲ್ಲಿದೆ ಎಂದು ನೋಡುತ್ತೇನೆ.

ಕಳೆದ ಭಾನುವಾರ ಮಧ್ಯಂತರದಲ್ಲಿ ದೀಪ ಹತ್ತಿದ ಮೇಲೆ ತಿರುಗಿದೆ. ಹಿಂದಿನ ಸಾಲಿನಲ್ಲಿ ಕಾಕಾ ಕೂತಿದ್ದರು. ಬಿಳಿ ಅಂಗಿಗೆ ಇಸ್ತ್ರಿ ಇರಲಿಲ್ಲ. ಮಡಿಲಲ್ಲಿ ಆ ಖಣದ ಚೀಲ. ಪಕ್ಕದ ಕುರ್ಚಿ ಖಾಲಿಯಿತ್ತು, ಭಜನೆಯೆಂದು ಹೇಳಿ ಬಂದಾಗ ಕಾಕು ಕೂರುತ್ತಿದ್ದದ್ದು ಅಲ್ಲೇ. ಅದು ಅವರಿಗೆ ಹೇಗೆ ಗೊತ್ತಾಯಿತೋ, ನಾನು ಕೇಳಲಿಲ್ಲ.

“ತಗೋ ತಂಗಿ” ಎಂದು ಲವಂಗ ಚಾಚಿದರು. ತೆಗೆದುಕೊಂಡೆ. ಏನಾದರೂ ಮಾತಾಡಬೇಕಲ್ಲ ಎಂದು ಸಲಿಗೆಯಿಂದ ಕೇಳಿದೆ. “ಫೋನ್ ಬಂದ್ ಮಾಡೀರಿಲ್ಲೋ ಕಾಕಾ?”

ಅವರ ಕೈ ಜೇಬಿನ ಮೇಲೆ ಹೋಯಿತು. ಅಂದು ಇದ್ದ ಹಾಗೆಯೇ, ಅಂಗೈ ಚಪ್ಪಟೆಯಾಗಿ.

“ಚಾಲೂನ ಅದ” ಎಂದರು. “ಬಂದ್ ಮಾಡಿ ಏನು ಮಾಡೂದು? ಆ ಹೊತ್ತಿಗೆ ಸರಿಯಾಗಿ ಫೋನ್ ಮಾಡಾಕಿ ಎಲ್ಲಿದ್ದಾಳ ಈಗ?”

ಗಂಟೆ ಬಾರಿಸಿತು. ನಾನು ಮುಂದಕ್ಕೆ ತಿರುಗಿ ಕೂತೆ.